ವಿಸೆರಾ ವರದಿಯಲ್ಲಿ ‘ವಿಷ ಪತ್ತೆಯಾಗಿಲ್ಲ’ ಎಂದು ಬಂದಿದೆ, ಹಾಗಾದರೆ ತಂಗಿ ಆಸಿಡ್ ಕುಡಿದೇ ಇರಲಿಲ್ಲವೇ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸುಳ್ಯ ತಾಲ್ಲೂಕು. ತಂಗಿಗೆ ಮದುವೆಯಾಗಿ ಐದನೇ ವರ್ಷ ನಡೆಯುತ್ತಿತ್ತು. ಗಂಡನ ಮನೆಯವರಿಗೆ ರಬ್ಬರ್ ತೋಟವಿದೆ. ಕಳೆದ ಡಿಸೆಂಬರಿನಲ್ಲಿ ಒಂದು ರಾತ್ರಿ ಭಾವ ಫೋನ್ ಮಾಡಿ, ಶೀಟ್ ಮಾಡಲು ಬಾಟಲಿಯಲ್ಲಿಟ್ಟಿದ್ದ ಆಸಿಡನ್ನು ಕತ್ತಲೆಯಲ್ಲಿ ನೀರೆಂದು ಕುಡಿದಿದ್ದಾಳೆ ಎಂದರು. ಅತ್ತೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರಂತೆ. ಆಸ್ಪತ್ರೆಯಲ್ಲಿ ಹೊಟ್ಟೆ ತೊಳೆಯಲಿಲ್ಲ. ಎರಡನೇ ದಿನದಿಂದ ವೆಂಟಿಲೇಟರ್, ಆಮೇಲೆ ಡಯಾಲಿಸಿಸ್. 19ನೇ ದಿನ ತೀರಿಕೊಂಡಳು. ತಹಶೀಲ್ದಾರರೇ ಬಂದು ಮಹಜರು ಮಾಡಿದರು, ಪೋಸ್ಟ್‌ಮಾರ್ಟಂ ಆಯಿತು, ದಹನ ಮಾಡಿದೆವು. ಏಳು ತಿಂಗಳ ಮೇಲೆ ಬಂದ ವಿಸೆರಾ (ಒಳಾಂಗಗಳ ಪರೀಕ್ಷೆಯ) ವರದಿಯಲ್ಲಿ ಯಾವ ವಿಷವೂ ಪತ್ತೆಯಾಗಿಲ್ಲ ಎಂದಿದೆ. ಪೋಸ್ಟ್‌ಮಾರ್ಟಂ ವರದಿಯಲ್ಲಿ ‘ಸೆಪ್ಟಿಸೀಮಿಯಾ’ ಎಂದು ಬರೆದಿದ್ದಾರೆ. ಪೊಲೀಸರು ಯುಡಿಆರ್ (ಅಸಹಜ ಸಾವಿನ ಪ್ರಕರಣ) ಮುಕ್ತಾಯ ಮಾಡುತ್ತೇವೆ ಎನ್ನುತ್ತಿದ್ದಾರೆ. ನಮ್ಮ ದೊಡ್ಡಪ್ಪ, ‘ಆಸಿಡ್ ಆಗಿದ್ದರೆ ಬಾಯಿ ಕಪ್ಪಾಗಬೇಕಿತ್ತು, ತುಟಿ ಸರಿಯಾಗಿಯೇ ಇತ್ತಲ್ಲ’ ಎನ್ನುತ್ತಾರೆ. ಆ ರಾತ್ರಿ ಅವಳು ಹಾಕಿಕೊಂಡಿದ್ದ ನೈಟಿಯನ್ನು ಆಸ್ಪತ್ರೆಯವರು ಕವರಿನಲ್ಲಿ ಹಾಕಿ ಕೊಟ್ಟಿದ್ದರು. ಅಮ್ಮ ಒಗೆಯದೆ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಕುತ್ತಿಗೆಯ ಎಡಭಾಗದ ಲೇಸು ಕರಗಿ ಗಟ್ಟಿಯಾಗಿದೆ. ಅವಳು ತಪ್ಪಿ ಕುಡಿದಳೋ, ಬೇಕೆಂದೇ ಕುಡಿದಳೋ, ಕುಡಿಸಿದರೋ? ಹಿಂದಿನ ದಿನ ಅವಳ ಫೋನ್ ಬಂದಿತ್ತು, ನಾನು ಎತ್ತಿರಲಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿವೆ. ಅವಳ ದೇಹಕ್ಕೆ ಆಸಿಡ್ ಹೋಗಿತ್ತೇ ಎಂಬುದು ಒಂದು. ಹೋಗಿದ್ದರೆ ಹೇಗೆ ಹೋಯಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಾಕಷ್ಟು ಗಟ್ಟಿ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ದೇಹ ಅರ್ಧ ಉತ್ತರ ಮಾತ್ರ ಕೊಡುತ್ತದೆ, ಉಳಿದದ್ದು ಆ ಮನೆಯಲ್ಲಿ, ಬಟ್ಟೆಯಲ್ಲಿ, ಆಸ್ಪತ್ರೆಯ ಕಾಗದಗಳಲ್ಲಿ ಇರುತ್ತದೆ. ನಿಮ್ಮ ತಂಗಿಯನ್ನು ನಾನು ಪರೀಕ್ಷಿಸಿದವನಲ್ಲ, ಹಾಗಾಗಿ ತೀರ್ಪು ಕೊಡುವುದಿಲ್ಲ. ಆದರೆ ಶವಾಗಾರದಲ್ಲಿ ಇಷ್ಟು ವರ್ಷ ನಿಂತ ಅನುಭವದಿಂದ ಒಂದನ್ನು ಖಂಡಿತವಾಗಿ ಹೇಳಬಲ್ಲೆ: ಇಂಥ ಸಾವುಗಳಲ್ಲಿ ಸತ್ಯ ವಿಸೆರಾ ಬಾಟಲಿಯೊಳಗೆ ಇರುವುದು ಅಪರೂಪ. ಅದು ಮೊದಲ ರಾತ್ರಿಯ ಗುರುತುಗಳಲ್ಲಿರುತ್ತದೆ.

ವಿಸೆರಾ ವರದಿಯಿಂದಲೇ ಶುರು ಮಾಡೋಣ. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ನಮ್ಮ ಕಡೆ ಬಳಸುವುದು ಸಾಮಾನ್ಯವಾಗಿ ಫಾರ್ಮಿಕ್ ಆಸಿಡ್. ಇದು ಮೈಯಲ್ಲಿ ಉಳಿಯುವ ವಿಷವಲ್ಲ. ರಕ್ತಕ್ಕೆ ಸೇರಿದ್ದನ್ನು ಯಕೃತ್ತು ಫೋಲೇಟ್ ಎಂಬ ವಿಟಮಿನ್ನಿನ ನೆರವಿನಿಂದ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಒಡೆದುಹಾಕುತ್ತದೆ. ಸ್ವಲ್ಪ ಭಾಗ ಮೂತ್ರದಲ್ಲಿ ಹೋಗುತ್ತದೆ, ಡಯಾಲಿಸಿಸ್ ಮಾಡಿದರೆ ಅದೂ ಒಂದಷ್ಟನ್ನು ಹೊರತೆಗೆಯುತ್ತದೆ. ಕೆಲವು ದಿನಗಳಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ. 19ನೇ ದಿನ ತೀರಿಕೊಂಡವರ ಜಠರ, ಯಕೃತ್ತು, ಮೂತ್ರಪಿಂಡದ ತುಂಡುಗಳನ್ನು ಎಷ್ಟೇ ಒಳ್ಳೆಯ ಪ್ರಯೋಗಾಲಯಕ್ಕೆ ಕಳುಹಿಸಿದರೂ ಬರುವುದು ನೀವು ನೋಡಿದ ವರದಿಯೇ. ಬೆಂಕಿ ಆರಿ ಮೂರು ವಾರವಾದ ಮೇಲೆ ಬೂದಿ ಮುಟ್ಟಿ ನೋಡಿ, ಬಿಸಿ ಇಲ್ಲ, ಹಾಗಾಗಿ ಬೆಂಕಿಯೇ ಬಿದ್ದಿರಲಿಲ್ಲ ಎನ್ನಲಾಗುತ್ತದೆಯೇ?

ಬೇರೆ ಆಮ್ಲಗಳ ವಿಷಯವೂ ಬಹುತೇಕ ಇದೇ. ಟಾಯ್ಲೆಟ್ ತೊಳೆಯುವ ದ್ರಾವಣದಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ನಮ್ಮ ಜಠರದಲ್ಲೇ ದಿನವೂ ಊರುತ್ತದೆ. ಬ್ಯಾಟರಿಯ ಆಮ್ಲದ ಸಲ್ಫೇಟ್ ಕೂಡ ದೇಹದಲ್ಲಿ ಸಹಜವಾಗಿಯೇ ಇರುತ್ತದೆ. ಪ್ರಯೋಗಾಲಯದವರು ತೋರಿಸಬೇಕಾದದ್ದು ಯಾವುದರ ಜೊತೆಗೂ ಸೇರಿಕೊಳ್ಳದೆ ಬಿಡಿಯಾಗಿ ಉಳಿದ ಆಮ್ಲವನ್ನು. ಅದು ಸಾವು ಬೇಗ ಸಂಭವಿಸಿ, ಮಾದರಿಯನ್ನು ಸರಿಯಾಗಿ ಇಟ್ಟಿದ್ದರೆ ಮಾತ್ರ ಸಾಧ್ಯ. ಸಾಮಾನ್ಯ ವಿಷಪ್ರಕರಣಗಳಲ್ಲಿ ಒಳಾಂಗಗಳನ್ನು ಗಟ್ಟಿ ಉಪ್ಪುನೀರಿನಲ್ಲಿಡುತ್ತೇವೆ. ಆಮ್ಲದ ಅನುಮಾನವಿದ್ದರೆ ಉಪ್ಪುನೀರು ಬಾರದು, ರೆಕ್ಟಿಫೈಡ್ ಸ್ಪಿರಿಟ್ ಬೇಕು. ಕಾರ್ಬಾಲಿಕ್ ಆಮ್ಲ (ಫೀನಾಲ್) ಮಾತ್ರ ಇದಕ್ಕೆ ಹೊರತು. ಈ ವ್ಯತ್ಯಾಸ ಗೊತ್ತಿಲ್ಲದೆ ಮಾದರಿ ಕೆಟ್ಟ ಪ್ರಕರಣಗಳನ್ನು ನಾನು ಕಂಡಿದ್ದೇನೆ, ಪ್ರತಿ ಸಲವೂ ಬೇಸರವಾಗಿದೆ. ನಿಮ್ಮ ತಂಗಿಯ ವಿಷಯದಲ್ಲಿ ಯಾವುದರಲ್ಲಿಟ್ಟಿದ್ದರೂ ವ್ಯತ್ಯಾಸ ಆಗುತ್ತಿರಲಿಲ್ಲ, ಅದಕ್ಕಾಗಿ ಯಾರನ್ನೂ ದೂರಬೇಡಿ.

‘ವಿಸೆರಾದಲ್ಲಿ ವಿಷ ಸಿಗಲಿಲ್ಲ, ಕೇಸು ಮುಗಿಯಿತು’ ಎಂಬುದು ಕಾನೂನಿನ ಮಾತೂ ಅಲ್ಲ. 2014ರಲ್ಲಿ ಬಿಹಾರದ ಜೋಶಿಂದರ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ವಿವರವಾಗಿ ನೋಡಿದೆ. ವಿಷದ ಅನುಮಾನವಿದ್ದಲ್ಲಿ ವಿಸೆರಾವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ವರದಿ ತರಿಸಲೇಬೇಕು ಎಂದು ತನಿಖೆಯವರಿಗೆ ಹೇಳಿತು. ವರದಿ ಇಲ್ಲದಿದ್ದರೂ ಉಳಿದ ಸಾಕ್ಷ್ಯ ಬಲವಾಗಿದ್ದರೆ ಪ್ರಕರಣ ನಿಲ್ಲುತ್ತದೆ ಎಂದೂ ಹೇಳಿತು. ಠಾಣೆಯಲ್ಲಿ ಮಾತನಾಡುವಾಗ ಇದು ನೆನಪಿರಲಿ.

ಹಾಗಾದರೆ ಆಸಿಡ್ ಹೋಗಿತ್ತು ಎಂಬುದಕ್ಕೆ ಏನು ಆಧಾರ? ಆಸ್ಪತ್ರೆಯ ಕೇಸ್ ಶೀಟ್. ಫಾರ್ಮಿಕ್ ಆಸಿಡ್ ಬರೀ ಅನ್ನನಾಳ, ಜಠರ ಸುಡುವುದಿಲ್ಲ. ರಕ್ತಕ್ಕೆ ಸೇರಿ ಕೆಂಪು ಕಣಗಳನ್ನು ಒಡೆಯುತ್ತದೆ. ಮೂತ್ರ ಕಡು ಕಾಫಿ ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡ ಸೋಲುತ್ತದೆ, ರಕ್ತದ ಆಮ್ಲತೆ ಏರುತ್ತದೆ. ಡಯಾಲಿಸಿಸ್ ಬೇಕಾಯಿತು ಎಂದು ನೀವು ಬರೆದಿರುವುದು ಇದಕ್ಕೆ ಹೊಂದುತ್ತದೆ. ಮೊದಲ ರಾತ್ರಿಯ ಎಬಿಜಿ (ರಕ್ತದ ಆಮ್ಲತೆ, ಅನಿಲಗಳನ್ನು ಅಳೆಯುವ) ಪರೀಕ್ಷೆ, ಮೂತ್ರದ ಬಣ್ಣ ಬರೆದ ನರ್ಸಿಂಗ್ ಚಾರ್ಟ್, ಎಂಡೋಸ್ಕೋಪಿ ಮಾಡಿದ್ದರೆ ಅದರ ವರದಿ, ಈ ಮೂರು ಕಾಗದಗಳು ವಿಸೆರಾ ವರದಿಗಿಂತ ಹೆಚ್ಚು ಮಾತಾಡುತ್ತವೆ. ಎಂಡೋಸ್ಕೋಪಿ ವರದಿಯಲ್ಲಿ ‘ಝರ್ಗಾರ್ 3ಬಿ’ ಎಂಬಂಥ ಗುರುತು ಇದ್ದರೆ, ಒಳಪೊರೆ ದೊಡ್ಡ ವಿಸ್ತಾರದಲ್ಲಿ ಸತ್ತುಹೋಗಿತ್ತು ಎಂದರ್ಥ. ಕಾಯಿಲೆಯಿಂದ ಒಂದೇ ರಾತ್ರಿಯಲ್ಲಿ ಹೀಗೆ ಆಗುವುದಿಲ್ಲ.

‘ಸೆಪ್ಟಿಸೀಮಿಯಾ’ ಎಂಬ ಪದಕ್ಕೆ ಗಾಬರಿಯಾಗಬೇಡಿ. ಅದು ಕೊನೆಯ ಮೆಟ್ಟಿಲು ಅಷ್ಟೇ. ಸುಟ್ಟ ಜಾಗದಲ್ಲಿ ಸೋಂಕು ಹಿಡಿಯುತ್ತದೆ, ಅದು ರಕ್ತಕ್ಕೆ ಹರಡುತ್ತದೆ, ಅಂಗಗಳು ಒಂದೊಂದಾಗಿ ಕೈಬಿಡುತ್ತವೆ. ಸಾವಿನ ಕಾರಣ ಬರೆಯುವಾಗ ಕೊನೆಗೆ ಆದದ್ದನ್ನು ಮೊದಲ ಸಾಲಿನಲ್ಲೂ, ಅದಕ್ಕೆ ಮೂಲವಾದದ್ದನ್ನು ಕೆಳಗಿನ ಸಾಲಿನಲ್ಲೂ ಬರೆಯುವುದು ಕ್ರಮ. ವರದಿಯನ್ನು ಮತ್ತೆ ತೆಗೆದು, ಆ ಪದದ ನಂತರದ ಸಾಲು ಓದಿ. ‘ಸುಡುವ ದ್ರಾವಣ ಸೇವನೆಯ ಪರಿಣಾಮವಾಗಿ’ ಎಂಬರ್ಥದ ಮಾತು ಇದ್ದರೆ ವೈದ್ಯರು ಇದನ್ನು ಸಹಜ ಸಾವು ಎಂದಿಲ್ಲ. ಅದು ಇಲ್ಲದಿದ್ದರೆ, ಕೇಸ್ ಶೀಟನ್ನೂ ವಿಸೆರಾ ವರದಿಯನ್ನೂ ಜೊತೆಗಿಟ್ಟು ಅಂತಿಮ ಅಭಿಪ್ರಾಯ ಕೊಡಿ ಎಂದು ತನಿಖಾಧಿಕಾರಿ ಆ ವೈದ್ಯರಿಗೆ ಬರೆಯಬೇಕು. ಎಷ್ಟೋ ಸಲ ಈ ಒಂದು ಪತ್ರ ಬರೆಯದೆ ಕಡತ ಮುಚ್ಚುತ್ತಾರೆ.

ನಿಮ್ಮ ದೊಡ್ಡಪ್ಪನ ಮಾತಿಗೂ ಉತ್ತರ ಹೇಳಬೇಕು, ಏಕೆಂದರೆ ಅದು ಊರಿನಲ್ಲಿ ಎಲ್ಲರೂ ಆಡುವ ಮಾತು. ಎಲ್ಲ ಆಸಿಡ್ ಸುಟ್ಟರೂ ಕಪ್ಪಾಗುವುದಿಲ್ಲ. ಗಂಧಕಾಮ್ಲ ಕಪ್ಪು ಮಾಡುತ್ತದೆ. ಅಕ್ಕಸಾಲಿಗರು ಬಳಸುವ ನೈಟ್ರಿಕ್ ಆಮ್ಲ ಚರ್ಮವನ್ನು ಹಳದಿ ಮಾಡುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಬೂದು ಬಣ್ಣ ಕೊಡುತ್ತದೆ, ಕಾರ್ಬಾಲಿಕ್ ಬಿಳಿಚಿಸುತ್ತದೆ. ಕ್ಷಾರ, ಅಂದರೆ ಕಾಸ್ಟಿಕ್ ಸೋಡಾದಂಥದ್ದು, ಸುಡುವುದಕ್ಕಿಂತ ಕರಗಿಸುತ್ತದೆ. ಬೆರಳಿಟ್ಟರೆ ಸೋಪು ಮುಟ್ಟಿದಂತೆ ಜಾರುತ್ತದೆ. ಇದೆಲ್ಲ ಮೊದಲ ಒಂದೆರಡು ದಿನದ ಮಾತು. ತುಟಿ, ಬಾಯಿಯ ಒಳಪೊರೆ ದೇಹದಲ್ಲೇ ಬೇಗ ಮಾಯುವ ಜಾಗಗಳು. ಎರಡು ವಾರದಲ್ಲಿ ಮೇಲಿನ ಗಾಯ ಮಾಸಿರುತ್ತದೆ, ಕೆಳಗೆ ಜಠರದಲ್ಲಿ ಹುಣ್ಣು ಹಾಗೇ ಇರುತ್ತದೆ. 19ನೇ ದಿನ ತುಟಿ ಸರಿಯಾಗಿ ಕಂಡದ್ದರಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ಹೊಟ್ಟೆ ತೊಳೆಯದೆ ಇದ್ದದ್ದು ತಪ್ಪೇ ಎಂಬ ಅನುಮಾನ ನಿಮ್ಮ ಪತ್ರದಲ್ಲಿದೆ. ಅಲ್ಲ. ಕೀಟನಾಶಕ ಕುಡಿದವರಿಗೆ ಹೊಟ್ಟೆ ತೊಳೆಯುವುದನ್ನು ನಮ್ಮ ಜನ ನೋಡಿ ನೋಡಿ, ಎಲ್ಲ ವಿಷಕ್ಕೂ ಅದೇ ಚಿಕಿತ್ಸೆ ಎಂದುಕೊಂಡಿದ್ದಾರೆ. ಸುಟ್ಟು ಮೆತ್ತಗಾದ ಅನ್ನನಾಳದೊಳಗೆ ಕುರುಡಾಗಿ ಕೊಳವೆ ತೂರಿಸಿದರೆ ಅದು ತೂತಾಗಬಹುದು. ಆಸ್ಪತ್ರೆಯವರು ತೊಳೆಯದೆ ಬಿಟ್ಟದ್ದೇ ಸರಿ. ಅತ್ತೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ದು ಮಾತ್ರ ಕೆಟ್ಟದ್ದಾಯಿತು. ಇಳಿಯುವಾಗ ಒಮ್ಮೆ ಸುಟ್ಟದ್ದು ಹತ್ತುವಾಗ ಇನ್ನೊಮ್ಮೆ ಸುಡುತ್ತದೆ, ಶ್ವಾಸಕೋಶಕ್ಕೂ ಇಳಿಯಬಹುದು. ಆದರೆ ಇದನ್ನು ಕೇಡಿನ ಮನಸ್ಸಿಗೆ ಸಾಕ್ಷಿ ಎಂದು ಹಿಡಿಯಬೇಡಿ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಹೆತ್ತ ತಾಯಂದಿರೇ ಹೀಗೆ ಮಾಡಿದ್ದಾರೆ. ಇಂಥದ್ದು ಯಾರ ಮನೆಯಲ್ಲಾದರೂ ನಡೆದರೆ ವಾಂತಿ ಮಾಡಿಸಬಾರದು. ನಿಂಬೆಹಣ್ಣು, ಸೋಡಾಪುಡಿ, ಎಣ್ಣೆ ಯಾವುದೂ ಬೇಡ. ಬಾಯಿ ಮುಕ್ಕಳಿಸಿ, ಮೈಮೇಲೆ ಬಿದ್ದದ್ದನ್ನು ನೀರಿನಿಂದ ತೊಳೆದು, ಬಾಟಲಿ ಸಮೇತ ಆಸ್ಪತ್ರೆಗೆ ಓಡಬೇಕು. 108ಕ್ಕೆ ಕರೆ ಮಾಡಬೇಕು.

ಈಗ ಕಷ್ಟದ ಪ್ರಶ್ನೆ. ತಪ್ಪಿ ಕುಡಿದದ್ದೇ, ಬೇಕೆಂದು ಕುಡಿದದ್ದೇ, ಕುಡಿಸಿದ್ದೇ?

ನಾವು ಮೊದಲು ನೋಡುವುದು ಹರಿದ ಗೆರೆಯನ್ನು. ಕುಡಿಯುವಾಗ ಬಾಯಿಯ ಕೊನೆಯಿಂದ ಒಂದೆರಡು ಹನಿ ಜಾರುತ್ತದೆ, ಜಾರಿದ ದಾರಿಯಲ್ಲೆಲ್ಲ ಚರ್ಮ ಸುಡುತ್ತದೆ. ಕೂತು ಅಥವಾ ನಿಂತು ಕುಡಿದಿದ್ದರೆ ಗೆರೆ ಗದ್ದದ ಮೇಲಿಂದ ಎದೆಗೆ ಇಳಿಯುತ್ತದೆ. ಮಲಗಿದ್ದರೆ ಕೆನ್ನೆಯಿಂದ ಕಿವಿಯ ಕಡೆಗೆ, ಕತ್ತಿನ ಹಿಂದಕ್ಕೆ ಹೋಗುತ್ತದೆ. ಒಮ್ಮೆ ಒಬ್ಬ ಹೆಂಗಸಿನ ಎರಡೂ ಕಿವಿಯ ಬುಡದಲ್ಲಿ ಸಮನಾದ ಎರಡು ಕಂದು ಗೆರೆಗಳನ್ನು ಕಂಡಾಗ, ಮನೆಯವರು ಹೇಳಿದ ‘ಅಡುಗೆಮನೆಯಲ್ಲಿ ನಿಂತು ಕುಡಿದಳು’ ಎಂಬ ಮಾತನ್ನು ನಾನು ನಂಬಲಿಲ್ಲ. ಬಲವಂತ ನಡೆದಿದ್ದರೆ ಇನ್ನೂ ಕೆಲವು ಗುರುತು ಸಿಗಬಹುದು. ತುಟಿಯ ಒಳಭಾಗ ಹಲ್ಲಿಗೆ ಒತ್ತಿ ಜಜ್ಜಿರುತ್ತದೆ. ಮೇಲ್ತುಟಿಯನ್ನು ವಸಡಿಗೆ ಸೇರಿಸುವ ತೆಳು ಎಳೆ ಹರಿದಿರುತ್ತದೆ. ದವಡೆಯ ಮೇಲೆ ಬೆರಳಿನ ಗುರುತು, ಮಣಿಕಟ್ಟಿನಲ್ಲಿ ಹಿಡಿದ ಗುರುತು ಇರುತ್ತದೆ. ಮುಖ ತಿರುಗಿಸಿದ್ದರಿಂದ ಕಣ್ಣಿಗೆ, ಕೂದಲಿಗೆ ಚೆಲ್ಲಿರುತ್ತದೆ. ಕುಡಿಸಿದವರ ಕೈಮೇಲೂ ಚೆಲ್ಲಿರುತ್ತದೆ. ಅದೇ ಕಾರಣಕ್ಕೆ ಮನೆಯಲ್ಲಿದ್ದವರ ಕೈಗಳನ್ನೂ ಆ ದಿನವೇ ಪರೀಕ್ಷಿಸಬೇಕು, ಬಹಳ ಸಲ ಆಗದ ಕೆಲಸ ಅದು.

ತಪ್ಪಿ ಕುಡಿದವರು ಸಾಮಾನ್ಯವಾಗಿ ಮೊದಲ ಗುಟುಕಿಗೇ ಉಗುಳುತ್ತಾರೆ. ಅಂಥವರಲ್ಲಿ ತುಟಿ, ನಾಲಿಗೆ, ಗಂಟಲು ಹೆಚ್ಚು ಸುಟ್ಟಿರುತ್ತದೆ, ಜಠರ ಅಷ್ಟಾಗಿ ಅಲ್ಲ. ಆದರೆ ಬಾಯಾರಿ ಗಟಗಟ ಕುಡಿದವರು ಒಂದೇ ಸಲಕ್ಕೆ ನುಂಗಿದ್ದೂ ಇದೆ. ಹಾಗಾಗಿ ಇದು ಒಂದು ಕಡೆಗೆ ವಾಲಿಸುವ ಅಂಶ ಮಾತ್ರ, ತೀರ್ಮಾನ ಅಲ್ಲ. ಇನ್ನೊಂದು ಮಾತು, ಫಾರ್ಮಿಕ್ ಆಸಿಡ್ಡಿನ ವಾಸನೆ ಮೂಗಿಗೆ ಚುಚ್ಚುವಂಥದ್ದು. ರಬ್ಬರ್ ಶೆಡ್ಡಿನ ಪಕ್ಕ ನಾಲ್ಕು ವರ್ಷ ಬಾಳಿದವಳಿಗೆ ಅದು ಗೊತ್ತಿರುತ್ತದೆ ಎಂದು ನೀವು ವಾದಿಸಬಹುದು. ಶೀಟಿಗೆ ಹಾಕಲು ನೀರು ಬೆರೆಸಿ ತೆಳು ಮಾಡಿಟ್ಟದ್ದಾಗಿದ್ದರೆ ವಾಸನೆ ಅಷ್ಟು ಹೊಡೆಯುತ್ತಿರಲಿಲ್ಲ ಎಂದು ಅವರು ವಾದಿಸಬಹುದು. ಆದರೆ ಅಷ್ಟು ತೆಳುವಾದದ್ದು ಇಷ್ಟು ಹಾನಿ ಮಾಡಿತೇ ಎಂದು ವೈದ್ಯರನ್ನು ಕೇಳಬೇಕಾಗುತ್ತದೆ. ಬಾಟಲಿಯನ್ನು ಪೊಲೀಸರು ವಶಪಡಿಸಿಕೊಂಡರೇ, ಅದರಲ್ಲಿದ್ದದ್ದು ಗಟ್ಟಿ ಆಸಿಡ್ಡೋ ತೆಳುವೋ ಎಂದು ಪ್ರಯೋಗಾಲಯದಿಂದ ತಿಳಿದರೇ? ನಿಮ್ಮ ಪತ್ರದಲ್ಲಿ ಬಾಟಲಿಯ ಸುದ್ದಿಯೇ ಇಲ್ಲ. ಅದನ್ನು ಮೊದಲು ಕೇಳಿ.

ಆಮೇಲೆ ಎಂಎಲ್‌ಸಿ ರಿಜಿಸ್ಟರು, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳನ್ನು ಆಸ್ಪತ್ರೆ ಬರೆದಿಡುವ ಪುಸ್ತಕ. ತುರ್ತು ವಿಭಾಗದ ವೈದ್ಯರು ಘಟನೆಯ ವಿವರ ಬರೆಯುವಾಗ ಅದನ್ನು ಯಾರು ಹೇಳಿದರು ಎಂದೂ ಬರೆಯಬೇಕು. ‘ರೋಗಿಯೇ ಹೇಳಿದಂತೆ’ ಎಂಬುದಕ್ಕೂ ‘ಜೊತೆಗೆ ಬಂದವರು ಹೇಳಿದಂತೆ’ ಎಂಬುದಕ್ಕೂ ನೆಲ ಮುಗಿಲಿನ ಅಂತರ. ಅವಳೇ ಹೇಳಿದ್ದರೆ, ಆಗ ಪಕ್ಕದಲ್ಲಿ ಯಾರಿದ್ದರು? ಗಂಡನ ಮನೆಯವರು ಹಾಸಿಗೆಯ ಬಳಿ ನಿಂತಿರುವಾಗ ಬಂದ ಮಾತಿಗೂ ಎಲ್ಲರನ್ನೂ ಹೊರಗೆ ಕಳುಹಿಸಿ ಕೇಳಿದ ಮಾತಿಗೂ ಒಂದೇ ತೂಕವಿಲ್ಲ. ಗಂಟಲು ಸುಟ್ಟವರಿಗೆ ಮಾತು ಬರುವುದಿಲ್ಲ, ಹಾಗಾಗಿ ಹೇಳಿಕೆ ಪಡೆಯಲಾಗಲಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕತ್ತು ಕೊಯ್ದ ಹುಡುಗಿಯೊಬ್ಬಳು ಕೈಸನ್ನೆಯಿಂದ ಕೊಟ್ಟ ಉತ್ತರವನ್ನು ಅಲಹಾಬಾದ್ ಹೈಕೋರ್ಟು 1885ರಲ್ಲೇ ಮರಣಪೂರ್ವ ಹೇಳಿಕೆ ಎಂದು ಒಪ್ಪಿದೆ. ಮೊದಲ ದಿನ, ವೆಂಟಿಲೇಟರಿಗೆ ಹಾಕುವ ಮುನ್ನ, ಪೊಲೀಸರಾಗಲಿ ದಂಡಾಧಿಕಾರಿಗಳಾಗಲಿ ಬಂದಿದ್ದರೇ ಎಂದು ವಿಚಾರಿಸಿ.

ಮುಂದೆ ಏನು ಮಾಡಬಹುದು? ಆಸ್ಪತ್ರೆಗೆ ಹೋಗಿ ದಾಖಲೆಗಳ ಪ್ರತಿ ಬೇಕೆಂದು ಬರಹದಲ್ಲಿ ಕೇಳಿ. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ರೋಗಿಯ ಅಥವಾ ಅಧಿಕೃತ ಪ್ರತಿನಿಧಿಯ ಕೋರಿಕೆ ಬಂದ 72 ಗಂಟೆಯೊಳಗೆ ಕೊಡಬೇಕು, ದಾಖಲೆಯನ್ನು 3 ವರ್ಷ ಇಟ್ಟಿರಬೇಕು. ಗಂಡ ಇರುವಾಗ ಅಣ್ಣನಿಗೆ ಕೊಡಲು ಅವರು ಹಿಂಜರಿಯಬಹುದು. ಆಗ ತನಿಖಾಧಿಕಾರಿಯೇ ತರಿಸಿಕೊಳ್ಳಲಿ ಎಂದು ಅರ್ಜಿ ಕೊಡಿ. ಪೋಸ್ಟ್‌ಮಾರ್ಟಂ ವೇಳೆ ಜಠರದ ತುಂಡುಗಳನ್ನು ಫಾರ್ಮಲಿನ್‌ನಲ್ಲಿಟ್ಟು ಹಿಸ್ಟೋಪೆಥಾಲಜಿಗೆ (ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ) ಕಳುಹಿಸಿದ್ದರೆ ಅದರ ಬ್ಲಾಕುಗಳು, ಅಂದರೆ ಮೇಣದಲ್ಲಿ ಕೂರಿಸಿಟ್ಟ ತುಂಡುಗಳು, ಇನ್ನೂ ಇರಬಹುದು. ದಹನವಾದ ಮೇಲೂ ಮತ್ತೆ ನೋಡಲು ಸಾಧ್ಯವಿರುವ ಒಂದೇ ಅಂಗಾಂಶ ಅದು. ಗಾಯ ಎಷ್ಟು ದಿನ ಹಳೆಯದು ಎಂದು ಅದರಿಂದ ಹೇಳಬಹುದು.

ತಹಶೀಲ್ದಾರರೇ ಮಹಜರಿಗೆ ಬಂದದ್ದು ಮದುವೆಯಾಗಿ ಏಳು ವರ್ಷವಾಗಿರಲಿಲ್ಲ ಎಂಬ ಕಾರಣಕ್ಕೆ. ಆ ಅವಧಿಯಲ್ಲಿ ಸಹಜವಲ್ಲದ ಸಾವು ಸಂಭವಿಸಿ, ಅದಕ್ಕೆ ತುಸು ಮುಂಚೆ ವರದಕ್ಷಿಣೆಗಾಗಿ ಕಿರುಕುಳ ನಡೆದಿತ್ತು ಎಂದು ತೋರಿಸಿದರೆ, ಕಾನೂನು ಅದನ್ನು ವರದಕ್ಷಿಣೆ ಸಾವು ಎಂದು ಊಹಿಸಿಕೊಳ್ಳುತ್ತದೆ. ಅಲ್ಲವೆಂದು ತೋರಿಸುವ ಭಾರ ಆ ಕಡೆಯವರ ಮೇಲೆ ಬೀಳುತ್ತದೆ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ. ಆಸಿಡ್ ಎರಚುವುದಷ್ಟೇ ಅಲ್ಲ, ಕುಡಿಸುವುದೂ 124ನೇ ಕಲಮಿನಲ್ಲಿ ಬರುತ್ತದೆ ಎಂಬುದು ಎಷ್ಟೋ ಜನರಿಗೆ ತಿಳಿದಿಲ್ಲ. ಇದಕ್ಕೆ ಎದುರಾಗಿ ಒಂದು ಎಚ್ಚರಿಕೆ. ಕಿರುಕುಳ ಇರಲಿಲ್ಲವಾದರೆ ಇತ್ತು ಎಂದು ಸೇರಿಸಬೇಡಿ. ವಿಷಪ್ರಾಶನದ ಕೊಲೆ ಸಾಬೀತಾಗಲು ಉದ್ದೇಶ, ವಿಷದಿಂದಲೇ ಸಾವು, ಆರೋಪಿಯ ಬಳಿ ವಿಷ ಇದ್ದದ್ದು, ಕೊಡಲು ಅವಕಾಶ ಇದ್ದದ್ದು, ಈ ನಾಲ್ಕೂ ಬೇಕೆಂದು ಶರದ್ ಸಾರ್ಡಾ ಪ್ರಕರಣದಲ್ಲಿ 1984ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ರಬ್ಬರ್ ತೋಟದ ಮನೆಯಲ್ಲಿ ಆಸಿಡ್ ಇರುವುದು ಸಹಜ, ಅದೊಂದರಿಂದ ಏನೂ ಆಗದು. ಒಂದು ಸುಳ್ಳು ಸೇರಿದರೆ ಉಳಿದ ನಿಜವೂ ನ್ಯಾಯಾಲಯದಲ್ಲಿ ಬಿದ್ದುಹೋಗಬಹುದು. ಯುಡಿಆರ್ ಮುಕ್ತಾಯದ ವರದಿ ಹೋಗುವ ಮುನ್ನ ನಿಮ್ಮ ತಕರಾರನ್ನು ಠಾಣೆಗೂ ತಾಲ್ಲೂಕು ದಂಡಾಧಿಕಾರಿಗಳಿಗೂ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದಕ್ಕೂ ಕದಲದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುವ ದಾರಿಯಿದೆ.

ಎತ್ತದ ಆ ಫೋನಿನ ಬಗ್ಗೆ. ಅವಳು ಏನು ಹೇಳಲು ಕರೆದಿದ್ದಳೋ ನಮಗೆ ಗೊತ್ತಿಲ್ಲ. ನಿಮ್ಮ ಮೊಬೈಲಿನಲ್ಲಿ ಆ ಕರೆಯ ಸಮಯ ದಾಖಲಾಗಿದ್ದರೆ ಅಳಿಸಬೇಡಿ, ತನಿಖೆಗೆ ಅದೂ ಬೇಕು. ನಿಮಗೋ ಅಮ್ಮನಿಗೋ ರಾತ್ರಿ ನಿದ್ರೆ ಬಾರದಷ್ಟು ಭಾರವಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ. ಒಬ್ಬರೇ ಹೊತ್ತುಕೊಂಡು ತಿರುಗಬೇಡಿ.

ಕೊನೆಗೆ ಆ ನೈಟಿ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ಅದು. ಗಟ್ಟಿ ಫಾರ್ಮಿಕ್ ಆಸಿಡ್ ನೈಲಾನನ್ನು ಕರಗಿಸುತ್ತದೆ. ನೂಲು ನೈಲಾನಿನದ್ದೇ ಎಂದು ಗುರುತಿಸಲು ಜವಳಿ ಪರೀಕ್ಷೆಯವರು ಬಳಸುವುದೂ ಇದನ್ನೇ. ಹತ್ತಿ ಬಟ್ಟೆ ಹಾಗೇ ಉಳಿದು ಲೇಸು ಮಾತ್ರ ಕರಗಿ ಗಟ್ಟಿಯಾಗಿದ್ದರೆ, ಅಲ್ಲಿ ಬಿದ್ದದ್ದು ತೆಳು ಮಾಡಿದ ದ್ರಾವಣ ಆಗಿರಲಾರದು. ಎಡಗಡೆಗೆ ಮಾತ್ರ ಬಿದ್ದದ್ದು ಏಕೆ ಎಂಬುದಕ್ಕೆ ಉತ್ತರ ಹಲವು. ಮಲಗಿದ್ದಿರಬಹುದು, ಮುಖ ತಿರುಗಿಸಿರಬಹುದು, ಬಾಟಲಿ ಓರೆಯಾಗಿದ್ದಿರಬಹುದು, ಅಥವಾ ಆಸ್ಪತ್ರೆಗೆ ಹೋಗುವಾಗ ಎಡಮಗ್ಗುಲಿಗೆ ಮಲಗಿ ವಾಂತಿ ಮಾಡಿಕೊಂಡಿರಬಹುದು. ವಾಂತಿಯಲ್ಲಿ ಬಂದ ಆಸಿಡ್ ನೀರಾಗಿರುತ್ತದೆ, ನೈಲಾನನ್ನು ಕರಗಿಸುವಷ್ಟು ಬಲ ಅದಕ್ಕಿರುವುದು ಕಷ್ಟ. ಆದರೂ ಇದನ್ನು ಪ್ರಯೋಗಾಲಯ ಹೇಳಬೇಕು, ನಾನು ದೂರದಿಂದ ಹೇಳಬಾರದು. ಬಟ್ಟೆಯನ್ನು ಒಗೆಯಬೇಡಿ, ಬಿಸಿಲಿಗೆ ಹಾಕಬೇಡಿ, ಲೇಸಿನ ಜಾಗ ಮಡಚಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಬೂಷ್ಟು ಹಿಡಿಯುತ್ತದೆ. ಒಂದು ಫೋಟೊ ತೆಗೆದುಕೊಂಡು, ಆದಷ್ಟು ಕಡಿಮೆ ಮುಟ್ಟಿ ಕಾಗದದ ಚೀಲಕ್ಕೆ ಹಾಕಿ, ಹಳೆಯ ಕವರನ್ನೂ ಜೊತೆಗಿಡಿ. ಆಸ್ಪತ್ರೆಯಲ್ಲಿ ಯಾರು ಕೊಟ್ಟರು, ಯಾವ ದಿನ, ಅಂದಿನಿಂದ ಎಲ್ಲಿತ್ತು ಎಂದು ಅಮ್ಮ ಹೇಳಿದಂತೆ ಬರೆದಿಡಿ. ಠಾಣೆಯಲ್ಲಿ ಪಂಚರ ಎದುರು ಮಹಜರು ಮಾಡಿಯೇ ಒಪ್ಪಿಸಿ.

ಮಗಳ ಮೈಮೇಲಿದ್ದ ಕೊನೆಯ ಬಟ್ಟೆಯನ್ನು ಕೈಬಿಡಲು ಅಮ್ಮನಿಗೆ ಮನಸ್ಸಾಗದು. ಪ್ರಕರಣ ಮುಗಿದ ಮೇಲೆ ಅದನ್ನು ವಾಪಸು ಕೊಡಿ ಎಂದು ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಕೇಳುವ ಮುಂಚೆಯೇ ಅವರಿಗೆ ಅದನ್ನು ಹೇಳಿ.